ಶಾಲಾ ನೆಟ್‌ವರ್ಕ್‌ನ ಬ್ಯಾಂಡ್‌ವಿಡ್ತ್ ನಿಗಾ: ಕಡಿಮೆ ಖರ್ಚಿನ ವಿಧಾನಗಳು

ಶಾಲೆಯ ಇಂಟರ್‌ನೆಟ್ ಸಂಪರ್ಕದಲ್ಲಿ ಯಾವ ಹೊತ್ತಿಗೆ ಎಷ್ಟು ಡೇಟಾ ಒಳಬರುತ್ತಿದೆ, ಎಷ್ಟು ಹೊರಹೋಗುತ್ತಿದೆ, ಅದರಲ್ಲಿ ಯಾವ ಯಂತ್ರದ ಪಾಲು ಎಷ್ಟು ಎಂಬುದನ್ನು ಬಿಡದೆ ಅಳೆದು ದಾಖಲಿಸುವ ಕೆಲಸವೇ ಬ್ಯಾಂಡ್‌ವಿಡ್ತ್ ನಿಗಾ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಸಿಬ್ಬಂದಿ ಇರುತ್ತಾರೆ, ಲಕ್ಷಗಟ್ಟಲೆ ಬೆಲೆಯ ಸಾಫ್ಟ್‌ವೇರ್ ಇರುತ್ತದೆ. ಶಾಲೆಯಲ್ಲಿ ಈ ಹೊಣೆ ಕಂಪ್ಯೂಟರ್ ಶಿಕ್ಷಕರ ಹೆಗಲಿಗೆ ಬೀಳುತ್ತದೆ. ಅವರಿಲ್ಲದ ಕಡೆ ಗಣಿತದ ಮೇಷ್ಟ್ರೋ ಕಚೇರಿಯ ಗುಮಾಸ್ತರೋ ನೋಡಿಕೊಳ್ಳುತ್ತಾರೆ. ‘ನೆಟ್ ಸ್ಲೋ ಇದೆ’ ಎಂಬ ದೂರು ಬಂದಾಗ ರೂಟರ್ ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಮುಂದಿನ ತಿಂಗಳು ಇನ್ನೂ ದುಬಾರಿ ಪ್ಲಾನ್‌ಗೆ ಹೋಗುವುದು ಸಾಮಾನ್ಯ ರೂಢಿ. ಅಳತೆಯಿಲ್ಲದೆ ಹೀಗೆ ಹಣ ಸುರಿದ ಶಾಲೆಗಳಲ್ಲಿ ದೂರು ಹಾಗೆಯೇ ಉಳಿಯುವುದುಂಟು. ಏಕೆಂದರೆ ನಿಧಾನಕ್ಕೆ ಕಾರಣ ಎಷ್ಟೋ ಸಲ ಹೊರಗಿನ ತಂತಿಯಲ್ಲಿರದೆ ಶಾಲೆಯ ಒಳಗೇ ಇರುತ್ತದೆ.

ಈ ಕೆಲಸಕ್ಕೆ ಬೇಕಾದ ಸಾಧನಗಳಲ್ಲಿ ಹೆಚ್ಚಿನವು ಉಚಿತ ತಂತ್ರಾಂಶಗಳು. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಹುಟ್ಟಿದ್ದೂ ಒಂದು ಶಿಕ್ಷಣ ಸಂಸ್ಥೆಯ ಬಡ ಸಂಪರ್ಕದಿಂದಲೇ. ಶಾಲೆಗೆ ಮೊದಲು ಬೇಕಾದದ್ದು ಹೊರಹೋಗುವ ಒಂದೇ ಬಾಗಿಲಲ್ಲಿ ಇಟ್ಟ ಒಂದು ಎಣಿಕೆ, ಅದು ತಿಂಗಳುಗಟ್ಟಲೆ ಅಳಿಯದೆ ಉಳಿಯುವ ವ್ಯವಸ್ಥೆ ಮತ್ತು ವಾರಕ್ಕೊಮ್ಮೆ ಅದನ್ನು ನೋಡುವ ಒಬ್ಬ ವ್ಯಕ್ತಿ. ಉಳಿದ ಸಲಕರಣೆಗಳೆಲ್ಲ ಇದಾದ ಮೇಲಿನ ಮಾತು.

ಅಳೆಯುವುದು ಏನನ್ನು

ವೇಗ ಮತ್ತು ಪ್ರಮಾಣ ಬೇರೆ ಬೇರೆ. ವೇಗವನ್ನು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು, ಅಂದರೆ ಎಂಬಿಪಿಎಸ್‌ನಲ್ಲಿ ಹೇಳುತ್ತಾರೆ, ಪ್ರಮಾಣವನ್ನು ಜಿಬಿಯಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆದ್ದರಿಂದ 50 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಆರೂಕಾಲು ಮೆಗಾಬೈಟ್ ಇಳಿಯುತ್ತದೆ. ಡೌನ್‌ಲೋಡ್ ಕಿಟಕಿಯಲ್ಲಿ 6 ಎಂದು ಕಂಡು ಕಂಪನಿಯವರು ಮೋಸ ಮಾಡಿದ್ದಾರೆ ಎಂದು ಜಗಳಕ್ಕೆ ಹೋಗುವುದು ಈ ಲೆಕ್ಕ ಗೊತ್ತಿಲ್ಲದಿರುವುದರಿಂದ.

ವೇಗ ಎಷ್ಟು ಬೇಕು ಎಂಬುದು ಪಾಠದ ಕ್ರಮವನ್ನು ಅವಲಂಬಿಸುತ್ತದೆ. ಯೂಟ್ಯೂಬ್ ಹೇಳುವ ಪ್ರಕಾರ 480ಪಿ ಗುಣಮಟ್ಟದ ವಿಡಿಯೊಗೆ ಸುಮಾರು 1.1, 720ಪಿಗೆ 2.5, 1080ಪಿಗೆ 5 ಎಂಬಿಪಿಎಸ್ ಸಾಕು. ಶಿಕ್ಷಕರು ಒಂದು ಪ್ರೊಜೆಕ್ಟರ್‌ನಲ್ಲಿ ದೀಕ್ಷಾ ವೇದಿಕೆಯ ಪಾಠವನ್ನೋ ಯೂಟ್ಯೂಬಿನ ಪ್ರಯೋಗವನ್ನೋ ಇಡೀ ತರಗತಿಗೆ ತೋರಿಸಿದರೆ ಐದು ಎಂಬಿಪಿಎಸ್‌ನಲ್ಲಿ ಕೆಲಸ ಮುಗಿಯಿತು. ಅದೇ ವಿಡಿಯೊವನ್ನು ಲ್ಯಾಬ್‌ನ ನಲವತ್ತು ಮಕ್ಕಳು ತಮ್ಮ ತಮ್ಮ ಪರದೆಯಲ್ಲಿ 720ಪಿಯಲ್ಲಿ ಹಚ್ಚಿದರೆ ನೂರು ಎಂಬಿಪಿಎಸ್ ಬೇಕು. ಪಾಠ ಒಂದೇ ಆದರೂ ಬೇಡಿಕೆ ಇಪ್ಪತ್ತು ಪಟ್ಟು. ಯಾವ ಪಿರಿಯಡ್‌ನಲ್ಲಿ ಏನು ನಡೆಯಿತು ಎಂಬ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಶಾಲೆಯ ಗ್ರಾಫ್ ಓದಲು ಬರುವುದಿಲ್ಲ.

ಇನ್ನು ಹೊರಹೋಗುವ ದಿಕ್ಕು, ಅಂದರೆ ಅಪ್‌ಲೋಡ್. ಇದನ್ನು ಬಹಳ ಜನ ನೋಡುವುದೇ ಇಲ್ಲ. ಸಿಸಿಟಿವಿಯ ಡಿವಿಆರ್ ತನ್ನ ಹಾರ್ಡ್‌ಡಿಸ್ಕಿಗೆ ಬರೆದುಕೊಳ್ಳುವಾಗ ಇಂಟರ್‌ನೆಟ್ ಬಳಸುವುದಿಲ್ಲ. ಆದರೆ ಅದೇ ಕ್ಯಾಮೆರಾಗಳನ್ನು ಆಡಳಿತ ಮಂಡಳಿಯವರು ಮನೆಯಿಂದ ಮೊಬೈಲ್‌ನಲ್ಲಿ ನೋಡತೊಡಗಿದರೆ, ಅಥವಾ ದೃಶ್ಯಗಳು ಕ್ಲೌಡ್‌ಗೆ ಹೋಗುವಂತೆ ಇಟ್ಟಿದ್ದರೆ, ಒಂದೊಂದು ಕ್ಯಾಮೆರಾ ಎರಡು-ಮೂರು ಎಂಬಿಪಿಎಸ್ ಅಪ್‌ಲೋಡ್ ತಿನ್ನುತ್ತದೆ. ಸ್ಟಾಫ್ ರೂಮಿನ ವೈಫೈಗೆ ಫೋನ್ ಸಿಕ್ಕಿದ ಕೂಡಲೇ ಶುರುವಾಗುವ ಫೋಟೊ ಬ್ಯಾಕಪ್ ಕೂಡ ಇದೇ ದಿಕ್ಕಿನದು. ವಾರ್ಷಿಕೋತ್ಸವದ ಮರುದಿನ ಇದರ ಭಾರ ಗ್ರಾಫ್‌ನಲ್ಲಿ ಎದ್ದು ಕಾಣುತ್ತದೆ.

ಹುಟ್ಟು: 64 ಕಿಲೋಬಿಟ್‌ನ ತಂತಿ

1994ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ಟೋಬಿಯಾಸ್ ಊಟಿಕರ್ ಅವರ ಮುಂದೆ ಇದ್ದದ್ದು ಹೊರಜಗತ್ತಿಗೆ ಹೋಗುವ ಸೆಕೆಂಡಿಗೆ 64 ಕಿಲೋಬಿಟ್‌ನ ಒಂದೇ ತಂತಿ. ಆ ತಂತಿ ಎಷ್ಟು ತುಂಬಿದೆ ಎಂಬ ಕುತೂಹಲ ಅಲ್ಲಿದ್ದ ಎಲ್ಲರಿಗೂ. ಅವರು ಪರ್ಲ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು, ರೂಟರನ್ನು ಐದು ನಿಮಿಷಕ್ಕೊಮ್ಮೆ ವಿಚಾರಿಸಿ, ಬಂದ ಅಂಕಿಯನ್ನು ಗ್ರಾಫ್ ಆಗಿಸಿ ವೆಬ್ ಪುಟದಲ್ಲಿ ಹಾಕಿದರು. 1995ರಲ್ಲಿ ಅದು ಎಂಆರ್‌ಟಿಜಿ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಮೊದಲ ಆವೃತ್ತಿ ನಿಧಾನವಾಗಿತ್ತು. ಡೇವ್ ರ‍್ಯಾಂಡ್ ಎಂಬವರು ಅದರ ಮುಖ್ಯ ಭಾಗವನ್ನು ಸಿ ಭಾಷೆಯಲ್ಲಿ ಮತ್ತೆ ಬರೆದುಕೊಟ್ಟ ಮೇಲೆ ಓಟ ಹಿಡಿಯಿತು.

ಎಂಆರ್‌ಟಿಜಿ ಪುಟದಲ್ಲಿ ನಾಲ್ಕು ಚಿತ್ರಗಳಿರುತ್ತವೆ. ದಿನದ ಗ್ರಾಫ್‌ನಲ್ಲಿ ಐದು ನಿಮಿಷದ ಸರಾಸರಿ, ವಾರದ್ದರಲ್ಲಿ ಅರ್ಧ ಗಂಟೆಯದು, ತಿಂಗಳದ್ದರಲ್ಲಿ ಎರಡು ಗಂಟೆಯದು, ವರ್ಷದ್ದರಲ್ಲಿ ಒಂದು ದಿನದ್ದು. ಒಳಬರುವುದು ಹಸಿರು ತುಂಬಿದ ಗುಡ್ಡ, ಹೊರಹೋಗುವುದು ನೀಲಿ ಗೆರೆ. ಹಳೆಯ ಅಂಕಿಗಳನ್ನು ಸರಾಸರಿ ಮಾಡಿ ಕುಗ್ಗಿಸುತ್ತ ಹೋಗುವುದರಿಂದ ದಾಖಲೆಯ ಕಡತ ಎಷ್ಟು ವರ್ಷವಾದರೂ ಬೆಳೆಯುವುದಿಲ್ಲ. ಇದೇ ಉಪಾಯವನ್ನು ಬೇರೆಯಾಗಿ ತೆಗೆದು ಊಟಿಕರ್ 1999ರಲ್ಲಿ ಆರ್‌ಆರ್‌ಡಿಟೂಲ್ ಹೊರತಂದರು. ಅದರ ಮೇಲೆ ಕ್ಯಾಕ್ಟಿ, ಲಿಬ್ರೆಎನ್‌ಎಂಎಸ್, ಕಲೆಕ್ಟ್‌ಡಿಯಂಥ ಅನೇಕ ತಂತ್ರಾಂಶಗಳು ನಿಂತಿವೆ. ಡಿಸ್ಕ್ ತುಂಬಿತೇ ಎಂದು ಯಾರೂ ನೋಡದ ಶಾಲೆಯಂಥ ಜಾಗಕ್ಕೆ ಈ ಗುಣ ತುಂಬ ದೊಡ್ಡದು. ಒಮ್ಮೆ ನಿಲ್ಲಿಸಿಟ್ಟರೆ ಅದನ್ನು ಹಚ್ಚಿದ ಶಿಕ್ಷಕರಿಗೆ ವರ್ಗವಾದ ಮೇಲೂ ಓಡುತ್ತಿರುತ್ತದೆ.

ಆ 64 ಕಿಲೋಬಿಟ್ ಇಂದಿಗೂ ನಮ್ಮ ನಡುವೆ ಇದೆ. ಭಾರತದ ಹಲವು ಮೊಬೈಲ್ ಪ್ಲಾನ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ಸಿಗುವ ವೇಗ ಅಷ್ಟೇ. ಶಿಕ್ಷಕರ ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡ ಹಳ್ಳಿ ಶಾಲೆ ಮಧ್ಯಾಹ್ನದ ಹೊತ್ತಿಗೆ ಒಂದು ಇಡೀ ವಿಶ್ವವಿದ್ಯಾಲಯ 1994ರಲ್ಲಿ ಇದ್ದ ಸ್ಥಿತಿಗೆ ಬಂದು ನಿಲ್ಲುತ್ತದೆ. ಅಂಥ ಕಡೆ ದಿನದ ಎರಡು ಜಿಬಿಯಲ್ಲಿ ಪಾಠಕ್ಕೆ ಎಷ್ಟು ಹೋಯಿತು, ಲ್ಯಾಪ್‌ಟಾಪ್‌ನ ಅಪ್‌ಡೇಟ್‌ಗೆ ಎಷ್ಟು ಹೋಯಿತು ಎಂದು ತಿಳಿಯುವುದು ಫೈಬರ್ ಇರುವ ಶಾಲೆಗಿಂತ ಹೆಚ್ಚು ಅಗತ್ಯ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿರುವ ಡೇಟಾ ಯೂಸೇಜ್ ಪುಟ, ಫೋನಿನ ಹಾಟ್‌ಸ್ಪಾಟ್ ಲೆಕ್ಕ, ಲಿನಕ್ಸ್‌ನಲ್ಲಾದರೆ ವಿಎನ್‌ಸ್ಟ್ಯಾಟ್ ಎಂಬ ಪುಟ್ಟ ಪ್ರೋಗ್ರಾಂ ಇದಕ್ಕೆ ಸಾಕು. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದು ನಿಲ್ಲುತ್ತದೆ. ಇದಕ್ಕೆ ಒಂದು ಪೈಸೆಯೂ ಬೇಡ.

ಎಣಿಕೆ ನಡೆಯುವ ಬಗೆ

ರೂಟರ್‌, ಸ್ವಿಚ್‌ಗಳ ಒಂದೊಂದು ಪೋರ್ಟಿಗೂ ಒಳಗೆ ಒಂದು ಎಣಿಕೆ ಇರುತ್ತದೆ. ಅದು ಮನೆಯ ಕರೆಂಟ್ ಮೀಟರಿನ ಹಾಗೆ ಏರುತ್ತ ಹೋಗುವುದೇ ಹೊರತು ವೇಗವನ್ನು ಹೇಳುವುದಿಲ್ಲ. ಈಗಿನ ರೀಡಿಂಗ್‌ನಲ್ಲಿ ಹಿಂದಿನದನ್ನು ಕಳೆದು, ನಡುವಿನ ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಈ ರೀಡಿಂಗನ್ನು ದೂರದಿಂದ ಕೇಳಿ ಪಡೆಯುವ ಭಾಷೆ ಎಸ್‌ಎನ್‌ಎಂಪಿ. 1988ರಲ್ಲಿ ಮೊದಲ ಸಲ ಪ್ರಕಟವಾದ ಈ ನಿಯಮಾವಳಿ ಯುಡಿಪಿಯ 161ನೇ ಪೋರ್ಟ್ ಬಳಸುತ್ತದೆ. 2002ರಲ್ಲಿ ಪೂರ್ಣ ಮಾನಕವಾದ ಮೂರನೇ ಆವೃತ್ತಿಯಲ್ಲಿ ಪಾಸ್‌ವರ್ಡ್ ಮತ್ತು ಗೂಢಲಿಪಿ ಎರಡೂ ಉಂಟು. ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇರುವುದು ಕಮ್ಯುನಿಟಿ ಸ್ಟ್ರಿಂಗ್ ಎಂಬ ಒಂದು ಪದ ಮಾತ್ರ. ಎಷ್ಟೋ ಉಪಕರಣಗಳಲ್ಲಿ ಅದು ಕಾರ್ಖಾನೆಯಿಂದಲೇ ‘ಪಬ್ಲಿಕ್’ ಎಂದು ಇರುತ್ತದೆ. ಅದನ್ನು ಬದಲಿಸಬೇಕು, ಹೊರಗಿನ ಇಂಟರ್‌ನೆಟ್ ಕಡೆಯಿಂದ ಈ ಪೋರ್ಟ್ ತೆರೆದಿರಲೇಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಎಣಿಕೆಗಳು 32 ಬಿಟ್‌ನವು, ಅಂದರೆ ಸುಮಾರು 429 ಕೋಟಿ ಬೈಟ್ ಆದ ಕೂಡಲೇ ಮತ್ತೆ ಸೊನ್ನೆಯಿಂದ ಶುರು. 100 ಎಂಬಿಪಿಎಸ್ ತುಂಬಿ ಹರಿಯುವ ಪೋರ್ಟಿನಲ್ಲಿ ಈ ಸುತ್ತು ಐದು ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ಓದುವವರಿಗೆ ಕೂದಲೆಳೆಯಷ್ಟು ಅಂತರ ಉಳಿಯಿತು. ಒಂದು ಗಿಗಾಬಿಟ್ ಪೋರ್ಟಿನಲ್ಲಾದರೆ 34 ಸೆಕೆಂಡಿಗೇ ಸುತ್ತು ಬರುತ್ತದೆ, ಎಷ್ಟು ಸುತ್ತು ಬಂತೆಂದು ತಿಳಿಯದೆ ಗ್ರಾಫ್ ಸುಳ್ಳು ಹೇಳತೊಡಗುತ್ತದೆ. ಭಾರಿ ಬಳಕೆಯ ಹೊತ್ತಿನಲ್ಲಿ ಗೆರೆ ಕೆಳಗಿಳಿದಂತೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎಸ್‌ಎನ್‌ಎಂಪಿಯ ಎರಡನೇ ಆವೃತ್ತಿಯಿಂದ 64 ಬಿಟ್ ಎಣಿಕೆಗಳು ಬಂದಿವೆ, ಅವನ್ನೇ ಓದುವಂತೆ ಹೊಂದಿಸಿದರೆ ತೊಂದರೆ ತೀರಿತು.

ಯಾವ ಯಂತ್ರ ಯಾವ ವಿಳಾಸದೊಂದಿಗೆ ಎಷ್ಟು ಮಾತಾಡಿತು ಎಂದು ತಿಳಿಯಲು ಈ ಪೋರ್ಟ್ ಎಣಿಕೆ ಸಾಲದು. ಸಿಸ್ಕೊ ಕಂಪನಿ 1996ರಲ್ಲಿ ತಂದ ನೆಟ್‌ಫ್ಲೋ, ಆಮೇಲೆ ಬಂದ ಎಸ್‌ಫ್ಲೋ, ಐಪಿಫಿಕ್ಸ್ ಈ ವಿವರವನ್ನು ಸಾರಾಂಶವಾಗಿ ಕೊಡುತ್ತವೆ. ಪ್ಯಾಕೆಟ್‌ಗಳನ್ನೇ ಒಂದೊಂದಾಗಿ ಹಿಡಿದು ನೋಡುವ ವೈರ್‌ಶಾರ್ಕ್ ಮೂರನೆಯ ಬಗೆ. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ ಈ ಉಚಿತ ತಂತ್ರಾಂಶ 2006ರಿಂದ ಈಗಿನ ಹೆಸರಿನಲ್ಲಿದೆ. ಒಂದು ಕಾಯಿಲೆಯ ಮೂಲ ಹಿಡಿಯಲು ಅದಕ್ಕೆ ಸಮನಾದದ್ದು ಇಲ್ಲ, ಆದರೆ ದಿನನಿತ್ಯದ ನಿಗಾಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಅಳತೆಯ ಜಾಗ

ಕಡಿಮೆ ಖರ್ಚಿನ ನಿಗಾದಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿ. ಇಂಟರ್‌ನೆಟ್ ಕಂಪನಿ ಕೊಟ್ಟು ಹೋಗುವ ಫೈಬರ್ ಪೆಟ್ಟಿಗೆಗೆ ವೈಫೈ ಇರುತ್ತದೆ, ನಾಲ್ಕು ಪೋರ್ಟ್ ಇರುತ್ತವೆ. ಶಾಲೆಯ ಸ್ವಿಚ್ ಒಂದು ಪೋರ್ಟಿಗೆ, ಕಚೇರಿಯ ಕಂಪ್ಯೂಟರ್ ಇನ್ನೊಂದಕ್ಕೆ, ಸಿಸಿಟಿವಿ ಮೂರನೆಯದಕ್ಕೆ, ಶಿಕ್ಷಕರ ಫೋನುಗಳು ಅದರ ವೈಫೈಗೆ. ಆ ಪೆಟ್ಟಿಗೆಯ ಒಳಹೊಕ್ಕು ಎಣಿಕೆ ಓದಲು ಕಂಪನಿ ಸಾಮಾನ್ಯವಾಗಿ ಬಿಡುವುದಿಲ್ಲ, ಎಸ್‌ಎನ್‌ಎಂಪಿ ಮುಚ್ಚಿರುತ್ತದೆ. ಅಂಗಡಿಯಲ್ಲಿ ಸಾವಿರ-ಎರಡು ಸಾವಿರಕ್ಕೆ ಸಿಗುವ ಎಂಟು ಪೋರ್ಟಿನ ಸಾದಾ ಸ್ವಿಚ್‌ಗೆ ಸ್ವಂತ ಐಪಿ ವಿಳಾಸವೇ ಇಲ್ಲದ್ದರಿಂದ ಅದನ್ನೂ ಕೇಳುವಂತಿಲ್ಲ.

ಪರಿಹಾರ ಸರಳ. ಶಾಲೆ ತನ್ನದೇ ಒಂದು ರೂಟರ್ ಇಟ್ಟುಕೊಂಡು, ಕಂಪನಿಯ ಪೆಟ್ಟಿಗೆಯಿಂದ ಒಂದೇ ಒಂದು ಕೇಬಲ್ ಅದಕ್ಕೆ ಎಳೆದು, ಉಳಿದೆಲ್ಲವನ್ನೂ ತನ್ನ ರೂಟರ್ ಹಿಂದೆ ತರಬೇಕು. ಕಂಪನಿಯ ಪೆಟ್ಟಿಗೆಯ ವೈಫೈ ಆಫ್ ಆಗಬೇಕು. ಒಂದು ಫೋನ್ ಆ ಹಳೆಯ ವೈಫೈಗೆ ಅಂಟಿಕೊಂಡಿದ್ದರೂ ಅಷ್ಟು ಬಳಕೆ ಲೆಕ್ಕಕ್ಕೆ ಸಿಗುವುದಿಲ್ಲ. ಈ ಒಂದು ಬದಲಾವಣೆ ಮಾಡದೆ ಎಷ್ಟು ಒಳ್ಳೆಯ ತಂತ್ರಾಂಶ ಹಾಕಿದರೂ ವ್ಯರ್ಥ. ಮಾಡಿದರೆ, ತೀರಾ ಸಾದಾ ತಂತ್ರಾಂಶವೂ ಮುಕ್ಕಾಲು ಪಾಲು ಉತ್ತರ ಕೊಡುತ್ತದೆ.

ಲ್ಯಾಬ್, ಕಚೇರಿ, ವೈಫೈ, ಕ್ಯಾಮೆರಾ ಎಂದು ರೂಟರ್‌ನಲ್ಲೇ ನಾಲ್ಕು ವಿಭಾಗ ಮಾಡಿ ಬೇರೆ ಬೇರೆ ಪೋರ್ಟಿಗೆ ಕೊಟ್ಟರೆ ಪೋರ್ಟಿನ ಎಣಿಕೆಯೇ ವಿಭಾಗದ ಲೆಕ್ಕವಾಗುತ್ತದೆ. ಮಧ್ಯಾಹ್ನ ಶಿಕ್ಷಣ ಇಲಾಖೆಯ ಸ್ಯಾಟ್ಸ್ ಪೋರ್ಟಲ್‌ಗೆ ಮಾಹಿತಿ ತುಂಬಲು ಕುಳಿತ ಗುಮಾಸ್ತರಿಗೆ ಪುಟ ತೆರೆಯದಿದ್ದಾಗ, ತಡೆ ನಮ್ಮ ಲ್ಯಾಬ್‌ನಿಂದಲೋ ಪೋರ್ಟಲ್‌ನಿಂದಲೋ ಎಂದು ಒಂದು ನೋಟಕ್ಕೆ ಗೊತ್ತಾಗಬೇಕು. ಆ ಹೊತ್ತಿಗೆ ಶಾಲೆಯ ಗೆರೆ ಕೆಳಗೇ ಮಲಗಿದ್ದರೆ ತೊಂದರೆ ಹೊರಗಿನದು, ಪ್ಲಾನ್ ಬದಲಿಸಿ ಪ್ರಯೋಜನವಿಲ್ಲ.

ಸಲಕರಣೆಗಳು

ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ತಂತ್ರಾಂಶ 2004ರಲ್ಲಿ ಹುಟ್ಟಿತು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ಮನೆಬಳಕೆಯ ರೂಟರ್‌ನ ಒಳಗಿದ್ದ ಲಿನಕ್ಸ್ ಮೂಲಸಂಕೇತ ಬಹಿರಂಗವಾದದ್ದರಿಂದ ಅದು ಸಾಧ್ಯವಾಯಿತು. ಇಂದು ಇದು ನೂರಾರು ಮಾದರಿಯ ಅಗ್ಗದ ರೂಟರ್‌ಗಳಲ್ಲಿ ಕೂರುತ್ತದೆ. ಕೊಳ್ಳುವ ಮೊದಲು ಮಾದರಿಯ ಜೊತೆಗೆ ಅದರ ಹಾರ್ಡ್‌ವೇರ್ ಆವೃತ್ತಿಯೂ ಓಪನ್‌ಡಬ್ಲ್ಯುಆರ್‌ಟಿ ಪಟ್ಟಿಯಲ್ಲಿ ಇದೆಯೇ ನೋಡಬೇಕು. ಹೊರಗೆ ಒಂದೇ ಹೆಸರಿದ್ದು ಒಳಗೆ ಚಿಪ್ ಬದಲಾಗಿರುವುದು ಸಾಮಾನ್ಯ. ಇದರಲ್ಲಿ ಎನ್‌ಎಲ್‌ಬಿಡಬ್ಲ್ಯುಮಾನ್ ಎಂಬ ಚಿಕ್ಕ ಕಂತೆ ಹಾಕಿಕೊಂಡರೆ ಒಂದೊಂದು ಯಂತ್ರವೂ ತಿಂಗಳಲ್ಲಿ ಎಷ್ಟು ಬಳಸಿತು ಎಂಬ ಪಟ್ಟಿ ಬ್ರೌಸರ್‌ನಲ್ಲೇ ಸಿಗುತ್ತದೆ. ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಅದು ತನ್ನ ದಾಖಲೆಯನ್ನು ಮೂಲ ಹೊಂದಿಕೆಯಲ್ಲಿ ರೂಟರ್‌ನ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ ಕರೆಂಟ್ ಹೋದರೆ ಲೆಕ್ಕವೂ ಹೋಗುತ್ತದೆ. ಯುಎಸ್‌ಬಿ ಪೋರ್ಟ್ ಇರುವ ರೂಟರ್ ಕೊಂಡು, ದಾಖಲೆಯ ಜಾಗವನ್ನು ಪೆನ್‌ಡ್ರೈವ್‌ಗೆ ಬದಲಿಸಿಕೊಳ್ಳಬೇಕು. ಎರಡನೆಯದು, ವೇಗ ಹೆಚ್ಚಿಸಲೆಂದು ಇರುವ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆನ್ ಆಗಿದ್ದರೆ ಪ್ಯಾಕೆಟ್‌ಗಳು ಎಣಿಕೆಯ ಕಣ್ತಪ್ಪಿಸಿ ಹೋಗುತ್ತವೆ, ಅಂಕಿ ಕಡಿಮೆ ಬರುತ್ತದೆ.

ಲಾತ್ವಿಯದ ಮೈಕ್ರೋಟಿಕ್ ಕಂಪನಿಯ ಸಣ್ಣ ರೂಟರ್‌ಗಳು ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಕರ್ನಾಟಕದ ಊರುಗಳಲ್ಲಿ ಕೇಬಲ್ ಇಂಟರ್‌ನೆಟ್ ನಡೆಸುವ ಹುಡುಗರಿಗೆ ಇವು ಕೈಹತ್ತಿದ ಸಾಮಾನು, ಹೊಂದಿಸಲು ನೆರವು ಸಿಗುವುದು ಸುಲಭ. ದಿನ-ವಾರ-ತಿಂಗಳ ಗ್ರಾಫ್, ಈ ಕ್ಷಣ ಯಾವ ಐಪಿ ಎಷ್ಟು ಎಳೆಯುತ್ತಿದೆ ಎಂದು ತೋರಿಸುವ ಟಾರ್ಚ್, ಎಸ್‌ಎನ್‌ಎಂಪಿ, ನೆಟ್‌ಫ್ಲೋಗೆ ಸಮನಾದ ಟ್ರಾಫಿಕ್ ಫ್ಲೋ ಎಲ್ಲವೂ ಪೆಟ್ಟಿಗೆಯ ಜೊತೆಗೇ ಬರುತ್ತವೆ, ಬೇರೆ ಲೈಸೆನ್ಸ್ ಬೇಡ. ಓಪನ್‌ಡಬ್ಲ್ಯುಆರ್‌ಟಿ ಹಾಕುವ ಧೈರ್ಯ ಇಲ್ಲದ ಶಾಲೆಗೆ ನನ್ನ ಮೊದಲ ಸಲಹೆ ಇದೇ.

ಮೂಲೆಗೆ ಬಿದ್ದ ಹಳೆಯ ಪಿಸಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ ಪಿಎಫ್‌ಸೆನ್ಸ್ ಅಥವಾ 2015ರಲ್ಲಿ ಅದರಿಂದ ಕವಲೊಡೆದ ಓಪಿಎನ್‌ಸೆನ್ಸ್ ತುಂಬಿದರೆ ಅದೇ ಫೈರ್‌ವಾಲ್ ಆಗುತ್ತದೆ, ಅದೇ ಮೀಟರ್ ಆಗುತ್ತದೆ. ಹಳೆಯ ಪಿಸಿ ಬಿಟ್ಟಿ ಎನ್ನುವುದು ಪೂರ್ತಿ ನಿಜವಲ್ಲ. 80 ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 57-58 ಯೂನಿಟ್ ಕರೆಂಟ್ ಆಯಿತು. ಐದು ವ್ಯಾಟ್‌ನ ರಾಸ್ಪ್‌ಬೆರಿ ಪೈ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಸುಡುವುದಿಲ್ಲ. 2012ರಲ್ಲಿ 35 ಡಾಲರಿಗೆ ಮಾರುಕಟ್ಟೆಗೆ ಬಂದ ಈ ಪುಟ್ಟ ಕಂಪ್ಯೂಟರ್ ಶಾಲಾ ಮಕ್ಕಳಿಗೆಂದೇ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಎಂಆರ್‌ಟಿಜಿ ಓಡಿಸಲು ಅದು ಧಾರಾಳ. ಆದರೆ ಪದೇ ಪದೇ ಕರೆಂಟ್ ಹೋದರೆ ಅದರ ಮೆಮೊರಿ ಕಾರ್ಡ್ ಕೆಡುತ್ತದೆ. ನಾಲ್ಕನೇ ಮಾದರಿಯವರೆಗೆ ಅದರಲ್ಲಿ ಗಡಿಯಾರದ ಚಿಪ್ ಇಲ್ಲದ್ದರಿಂದ, ಕರೆಂಟ್ ಬಂದು ಇಂಟರ್‌ನೆಟ್ ಇನ್ನೂ ಬರದ ನಡುವಿನ ಹೊತ್ತಿನ ದಾಖಲೆಗೆ ತಪ್ಪು ವೇಳೆ ಬೀಳುತ್ತದೆ. ರೂಟರ್‌ಗೂ ಪೈಗೂ ಸೇರಿಸಿ ಒಂದು ಸಣ್ಣ ಯುಪಿಎಸ್ ಇಡುವುದು ಯಾವ ತಂತ್ರಾಂಶಕ್ಕಿಂತ ಮೊದಲು ಮಾಡಬೇಕಾದ ಖರ್ಚು.

ದೊಡ್ಡ ಶಾಲೆಗಳಿಗೆ, ಒಂದೇ ಆವರಣದಲ್ಲಿ ಪಿಯು ಕಾಲೇಜು, ಹಾಸ್ಟೆಲ್ ಇರುವ ಸಂಸ್ಥೆಗಳಿಗೆ ಲಿಬ್ರೆಎನ್‌ಎಂಎಸ್, ಜಬಿಕ್ಸ್, ಕ್ಯಾಕ್ಟಿ ಇವೆ. ಮೂರೂ ಉಚಿತ, ಮೂರಕ್ಕೂ ಲಿನಕ್ಸ್ ಬಲ್ಲವರು ಒಬ್ಬರು ಬೇಕು. ಜರ್ಮನಿಯ ಪೇಸ್ಲರ್ ಕಂಪನಿಯ ಪಿಆರ್‌ಟಿಜಿ ವಿಂಡೋಸ್ ಮೇಲೆ ಓಡುವುದರಿಂದ ಹೊಂದಿಸುವುದು ಹಗುರ, ಸಣ್ಣ ನೆಟ್‌ವರ್ಕ್‌ಗೆ ಅದರ ಉಚಿತ ಆವೃತ್ತಿ ಬಹುಕಾಲದಿಂದ ಬಳಕೆಯಲ್ಲಿದೆ. ಇಟಲಿಯ ಲೂಕಾ ದೇರಿ 1998ರಲ್ಲಿ ಆರಂಭಿಸಿದ ಎನ್‌ಟಾಪ್, ಈಗಿನ ಎನ್‌ಟಾಪ್‌ಎನ್‌ಜಿ, ಯಾವ ಯಂತ್ರ ಯಾವ ಬಗೆಯ ಸೇವೆಗೆ ಎಷ್ಟು ಬಳಸಿತು ಎಂದು ಸೊಗಸಾಗಿ ತೋರಿಸುತ್ತದೆ. ಶಿಕ್ಷಣ ಸಂಸ್ಥೆಗಳು ಕೇಳಿಕೊಂಡರೆ ಅದರ ಪಾವತಿ ಆವೃತ್ತಿಗೂ ಉಚಿತ ಲೈಸೆನ್ಸ್ ಕೊಡುವ ಪದ್ಧತಿ ಇದೆ. ಟಿಪಿ-ಲಿಂಕ್‌ನ ಒಮಾಡಾದಂಥ ವೈಫೈ ಉಪಕರಣಗಳನ್ನು ಈಗಾಗಲೇ ಕೊಂಡಿರುವ ಶಾಲೆ ಅವುಗಳ ಕಂಟ್ರೋಲರ್ ತಂತ್ರಾಂಶವನ್ನು ಒಂದು ಪಿಸಿಯಲ್ಲಿ ಹಾಕಿಕೊಂಡರೆ ಫೋನುಗಳ ಬಳಕೆ ಕಾಣುತ್ತದೆ.

ಗ್ರಾಫ್ ಓದುವುದು

ಶಾಲೆಯ ದಿನದ ಗ್ರಾಫ್‌ಗೆ ತನ್ನದೇ ಆಕಾರವಿದೆ. ಪ್ರಾರ್ಥನೆ ಮುಗಿಯುವವರೆಗೆ ಸಮತಟ್ಟು, ಮೊದಲ ಲ್ಯಾಬ್ ಪಿರಿಯಡ್‌ಗೆ ಒಂದು ಏರು, ಊಟದ ಹೊತ್ತಿಗೆ ಲ್ಯಾಬ್ ಇಳಿದು ಸ್ಟಾಫ್ ರೂಮಿನ ವೈಫೈ ಏರುವುದು, ನಾಲ್ಕೂವರೆಗೆ ಎಲ್ಲ ಇಳಿಯುವುದು. ಈ ಆಕಾರ ಗೊತ್ತಾದ ಮೇಲೆ ಹೊಂದದ ಗೆರೆಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.

ಬುಧವಾರದ ಬೆಳಿಗ್ಗೆಯನ್ನೇ ನೋಡಿ. ಮೈಕ್ರೋಸಾಫ್ಟ್ ತನ್ನ ಭದ್ರತಾ ಅಪ್‌ಡೇಟ್‌ಗಳನ್ನು ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತು ಗಂಟೆ ನಮಗೆ ಮಂಗಳವಾರ ರಾತ್ರಿ. ಆಗ ಲ್ಯಾಬ್ ಬಾಗಿಲು ಹಾಕಿರುತ್ತದೆ. ಬುಧವಾರ ಮೊದಲ ಪಿರಿಯಡ್‌ಗೆ ಮೂವತ್ತು ಕಂಪ್ಯೂಟರ್ ಒಟ್ಟಿಗೆ ಆನ್ ಆಗುತ್ತವೆ, ಒಟ್ಟಿಗೆ ಇಳಿಸಿಕೊಳ್ಳಲು ಹೊರಡುತ್ತವೆ. ಒಂದೊಂದಕ್ಕೆ 500 ಎಂಬಿ ಎಂದಿಟ್ಟುಕೊಂಡರೆ ಒಟ್ಟು 15 ಜಿಬಿ. 50 ಎಂಬಿಪಿಎಸ್ ಸಂಪರ್ಕ ಬೇರೆ ಏನನ್ನೂ ಮಾಡದೆ ಅಷ್ಟನ್ನು ತರಲು ನಲವತ್ತು ನಿಮಿಷ ಬೇಕು, ಅಂದರೆ ಸರಿಯಾಗಿ ಒಂದು ಪಿರಿಯಡ್ ಪೂರ್ತಿ. ಆ ದಿನ ಪಾಠ ಕೆಟ್ಟ ಶಿಕ್ಷಕರಿಗೆ ಕಾಣುವುದು ‘ನೆಟ್ ಸ್ಲೋ’ ಮಾತ್ರ. ದಿನದ ಗ್ರಾಫ್‌ನಲ್ಲಾದರೆ ಚಪ್ಪಟೆ ತಲೆಯ ಒಂದು ಗುಡ್ಡ ತಿಂಗಳಿಗೊಮ್ಮೆ ಅದೇ ವಾರ ಮೂಡುತ್ತದೆ. ಇದಕ್ಕೆ ಮದ್ದು ಹೊಸ ಪ್ಲಾನ್ ಅಲ್ಲ. ವಿಂಡೋಸ್‌ನ ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ‘ಇದೇ ನೆಟ್‌ವರ್ಕ್‌ನ ಪಿಸಿಗಳಿಂದ’ ಎಂಬ ಆಯ್ಕೆ ಆನ್ ಇದ್ದರೆ ಒಂದು ಯಂತ್ರ ತಂದದ್ದನ್ನು ಉಳಿದವು ಒಳಗಿಂದಲೇ ಹಂಚಿಕೊಳ್ಳುತ್ತವೆ. ಅದೂ ಬೇಡವೆಂದರೆ ಆ ಬುಧವಾರ ಹಗಲು ಅಪ್‌ಡೇಟ್ ತಡೆಹಿಡಿದು, ಸಂಜೆ ಶಾಲೆ ಬಿಡುವ ಹೊತ್ತಿಗೆ ಕಂಪ್ಯೂಟರ್‌ಗಳನ್ನು ಒಂದು ಗಂಟೆ ಆನ್ ಬಿಟ್ಟರಾಯಿತು.

ಚಪ್ಪಟೆ ತಲೆ ಎಂಬುದು ಮುಖ್ಯ ಗುರುತು. ಗೆರೆ ಪ್ಲಾನ್‌ನ ಮಿತಿಗೆ ಮುಟ್ಟಿ ಅಲ್ಲೇ ಅಡ್ಡಡ್ಡ ಹೋಗುತ್ತಿದ್ದರೆ ಸಂಪರ್ಕ ನಿಜವಾಗಿ ತುಂಬಿದೆ. ಮಿತಿಯ ಅರ್ಧಕ್ಕೂ ಬರದೆ ಜನ ನಿಧಾನ ಎನ್ನುತ್ತಿದ್ದರೆ ವೈಫೈ ನೋಡಬೇಕು, ಕೇಬಲ್ ನೋಡಬೇಕು. ಗೆರೆ 90-95ರ ಹತ್ತಿರ ಚಪ್ಪಟೆಯಾಗಿ, ಪ್ಲಾನ್ ಮಾತ್ರ 200ರದ್ದಾಗಿದ್ದರೆ ನಡುವೆ ಎಲ್ಲೋ 100 ಎಂಬಿಪಿಎಸ್‌ನ ಹಳೆಯ ಸ್ವಿಚ್ ಇದೆ, ಅಥವಾ ಕೇಬಲ್‌ನ ಎಂಟು ತಂತಿಯಲ್ಲಿ ಒಂದು ಕಡಿದು ಪೋರ್ಟ್ ತಾನಾಗಿ ಕೆಳಗಿಳಿದಿದೆ. ಐದು ನಿಮಿಷದ ಸರಾಸರಿ ಸಣ್ಣ ಏರಿಳಿತಗಳನ್ನು ಮುಚ್ಚಿಹಾಕುತ್ತದೆ ಎಂಬುದೂ ನೆನಪಿರಬೇಕು. ಮೂವತ್ತು ಸೆಕೆಂಡು ಪೂರ್ತಿ ತುಂಬಿ ಉಳಿದ ಹೊತ್ತು ಖಾಲಿಯಿದ್ದರೆ ಗ್ರಾಫ್ ತೋರಿಸುವುದು ಶೇ 10 ಮಾತ್ರ.

ತುಂಬದೆಯೂ ನಿಧಾನ

ವೇಗ ಸಾಕಷ್ಟಿದ್ದೂ ವಿಡಿಯೊ ಕರೆ ಕತ್ತರಿಸುವುದಕ್ಕೆ ಹೆಚ್ಚಾಗಿ ಕಾರಣ ವಿಳಂಬ. ಅಗ್ಗದ ರೂಟರ್‌ಗಳಲ್ಲಿ ಪ್ಯಾಕೆಟ್‌ಗಳು ಕಾಯುವ ಸರತಿ ವಿಪರೀತ ಉದ್ದ ಇರುತ್ತದೆ. ಯಾರೋ ಒಬ್ಬರು ದೊಡ್ಡ ಕಡತ ಅಪ್‌ಲೋಡ್ ಮಾಡಿದರೆ ಉಳಿದವರ ಪುಟ್ಟ ಪ್ಯಾಕೆಟ್‌ಗಳು ಅದರ ಹಿಂದೆ ನಿಲ್ಲುತ್ತವೆ. ಜಿಮ್ ಗೆಟಿಸ್ 2010ರ ಸುಮಾರಿಗೆ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟು ಎಲ್ಲರ ಗಮನಕ್ಕೆ ತಂದರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ಪರಿಹಾರ ಕೊಟ್ಟರು. ಪತ್ತೆ ಹಚ್ಚುವುದು ತೀರಾ ಸುಲಭ: ಒಂದು ಕಂಪ್ಯೂಟರ್‌ನಲ್ಲಿ ಪಿಂಗ್ ಓಡಿಸಿಟ್ಟು ಇನ್ನೊಂದರಲ್ಲಿ ಸ್ಪೀಡ್ ಟೆಸ್ಟ್ ಹಚ್ಚಬೇಕು. 20 ಮಿಲಿಸೆಕೆಂಡ್ ಇದ್ದ ಉತ್ತರ 300-400ಕ್ಕೆ ಜಿಗಿದರೆ ಕಾಯಿಲೆ ಇದೇ. ಓಪನ್‌ಡಬ್ಲ್ಯುಆರ್‌ಟಿಯ ಎಸ್‌ಕ್ಯುಎಂ ಕಂತೆಯಲ್ಲಿ ವೇಗದ ಮಿತಿಯನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗಿಟ್ಟರೆ ಸರತಿ ಶಾಲೆಯ ಹತೋಟಿಗೆ ಬರುತ್ತದೆ. ನೂರು ಎಂಬಿಪಿಎಸ್ ಪ್ಲಾನ್‌ನಲ್ಲಿ ತೊಂಬತ್ತಕ್ಕೆ ಒಪ್ಪಿಕೊಂಡು ಎಲ್ಲ ತರಗತಿಗೂ ಸರಾಗ ಸಂಪರ್ಕ ಸಿಗುವುದಾದರೆ ಆ ಹತ್ತನ್ನು ಬಿಡುವುದೇ ಲಾಭ. ವಿಳಂಬವನ್ನೂ ದಿನವಿಡೀ ದಾಖಲಿಸಲು ಊಟಿಕರ್ ಅವರದೇ ಇನ್ನೊಂದು ಉಚಿತ ತಂತ್ರಾಂಶ ಸ್ಮೋಕ್‌ಪಿಂಗ್ ಇದೆ. ಇಂಟರ್‌ನೆಟ್ ಕಂಪನಿಗೆ ದೂರು ಕೊಡುವಾಗ ಅದರ ಗ್ರಾಫ್ ಮುದ್ರಿಸಿ ಲಗತ್ತಿಸಿದರೆ ಮಾತಿಗೆ ತೂಕ ಬರುತ್ತದೆ.

ಕಾಣುವುದು, ಕಾಣಬಾರದ್ದು

ಹಿಂದೆ ಸ್ಕ್ವಿಡ್ ಪ್ರಾಕ್ಸಿ ಇಟ್ಟರೆ ಯಾವ ಪುಟ ಯಾರು ನೋಡಿದರೆಂಬ ಪಟ್ಟಿಯೇ ಸಿಗುತ್ತಿತ್ತು, ಒಮ್ಮೆ ಬಂದ ಪುಟವನ್ನು ಉಳಿಸಿಟ್ಟು ಬ್ಯಾಂಡ್‌ವಿಡ್ತ್ ಉಳಿಸಬಹುದಿತ್ತು. ಈಗ ಹೆಚ್ಚುಕಡಿಮೆ ಎಲ್ಲ ಜಾಲತಾಣಗಳೂ ಎಚ್‌ಟಿಟಿಪಿಎಸ್‌ನಲ್ಲಿ ಇರುವುದರಿಂದ ಆ ಕಾಲ ಮುಗಿದಿದೆ. ಕಾಣುವುದು ಯಾವ ಸೇವೆಗೆ ಎಷ್ಟು ಹೋಯಿತು ಎಂಬಷ್ಟೇ, ಬ್ಯಾಂಡ್‌ವಿಡ್ತ್ ಲೆಕ್ಕಕ್ಕೆ ಅಷ್ಟು ಸಾಕು. ಫೋನುಗಳ ಮಟ್ಟಿಗೆ ಅದೂ ಮಸುಕು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸ ಕೊಡದೆ ಕೃತಕ ವಿಳಾಸ ಕೊಡುತ್ತವೆ. ಯಂತ್ರವಾರು ಪಟ್ಟಿಯಲ್ಲಿ ಒಂದೇ ಫೋನ್ ಹಲವು ಹೆಸರಲ್ಲಿ ಬರಬಹುದು.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಜಾಡು ಹಿಡಿಯುವುದನ್ನೂ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಕಾಯ್ದೆಯ 9ನೇ ಕಲಂ ತಡೆಯುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಇರುವ ವಿನಾಯಿತಿ ಕಲಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ. ಬ್ಯಾಂಡ್‌ವಿಡ್ತ್ ಅಳೆಯಲು ಯಾವ ಹುಡುಗಿ ಯಾವ ಪುಟ ತೆರೆದಳು ಎಂಬುದು ಬೇಕಾಗಿಯೇ ಇಲ್ಲ. ‘ಲ್ಯಾಬ್-12’ ಎಂದು ಯಂತ್ರಕ್ಕೆ ಹೆಸರಿದ್ದರೆ ಸಾಕು. ಯಂತ್ರವಾರು ವಿವರವನ್ನು ತಿಂಗಳು-ಎರಡು ತಿಂಗಳಿಗೆ ಅಳಿಸಿ, ಒಟ್ಟು ಮೊತ್ತದ ಗ್ರಾಫ್ ಮಾತ್ರ ವರ್ಷಗಟ್ಟಲೆ ಉಳಿಸುವುದು ಸರಿಯಾದ ಕ್ರಮ. ಹೀಗೆ ಅಳತೆ ನಡೆಯುತ್ತಿದೆ ಎಂದು ಶಿಕ್ಷಕರಿಗೂ ಪೋಷಕರಿಗೂ ಮೊದಲೇ ತಿಳಿಸಿರಬೇಕು.

ಎಷ್ಟಿದ್ದರೆ ಸಾಕು

ಅಮೆರಿಕದ ಸಂಪರ್ಕ ಆಯೋಗ 2014ರಲ್ಲಿ ಸಾವಿರ ವಿದ್ಯಾರ್ಥಿಗೆ 100 ಎಂಬಿಪಿಎಸ್ ತತ್‌ಕ್ಷಣದ ಗುರಿ, ಒಂದು ಗಿಗಾಬಿಟ್ ದೂರದ ಗುರಿ ಎಂದು ಗೊತ್ತುಮಾಡಿತು. ಭಾರತದಲ್ಲಿ ಶಾಲೆಗೆಂದು ಹೀಗೆ ಗುರಿ ಹಿಡಿದು ಕೂರುವ ಮೊದಲು ಸಂಪರ್ಕವೇ ಬರಬೇಕಿದೆ: ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್‌ನ 2023-24ರ ವರದಿಯ ಪ್ರಕಾರ ಇಂಟರ್‌ನೆಟ್ ಇದ್ದದ್ದು ಶೇ 53.9ರಷ್ಟು ಶಾಲೆಗಳಲ್ಲಿ. ಯುನಿಸೆಫ್ ಮತ್ತು ಐಟಿಯು ಸೇರಿ 2019ರಲ್ಲಿ ಆರಂಭಿಸಿದ ಗಿಗಾ ಯೋಜನೆ ಜಗತ್ತಿನ ಶಾಲೆಗಳ ಸಂಪರ್ಕವನ್ನು ನಕ್ಷೆಯಲ್ಲಿ ಗುರುತಿಸುತ್ತಿದೆ. ಶಾಲೆಯ ಕಂಪ್ಯೂಟರ್‌ನಲ್ಲಿ ಕೂತು ತಾನಾಗಿ ವೇಗ ಪರೀಕ್ಷಿಸುವ ಒಂದು ಉಚಿತ ಮೀಟರ್ ಕೂಡ ಅದರದಿದೆ. ಅದು ಹೇಳುವುದು ಸಂಪರ್ಕ ಎಷ್ಟು ಕೊಡಬಲ್ಲದು ಎಂದು, ಶಾಲೆ ಎಷ್ಟು ಬಳಸಿತು ಎಂದಲ್ಲ. ಬಳಕೆಗೆ ಬಾಗಿಲಿನ ಎಣಿಕೆಯೇ ಬೇಕು.

ಪ್ಲಾನ್ ನವೀಕರಣದ ಹೊತ್ತಿಗೆ ನೋಡಬೇಕಾದದ್ದು ಇಡೀ ದಿನದ ಸರಾಸರಿಯನ್ನಲ್ಲ, ರಾತ್ರಿ ಖಾಲಿ ಬಿದ್ದಿರುವುದರಿಂದ ಅದು ಯಾವಾಗಲೂ ತೀರಾ ಕಡಿಮೆ ಬರುತ್ತದೆ. ಒಂದು ಸಲ ಮುಟ್ಟಿದ ಗರಿಷ್ಠವನ್ನೂ ಅಲ್ಲ. ಶಾಲೆ ನಡೆಯುವ ಗಂಟೆಗಳ ಅಂಕಿಗಳನ್ನು ಮಾತ್ರ ಆಯ್ದು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನ ಶೇ 5ನ್ನು ಬಿಟ್ಟು ಸಿಗುವ ಅಂಕಿಯನ್ನು ಹಿಡಿಯುವುದು ವಾಡಿಕೆ. ಅದು ಪ್ಲಾನ್‌ನ ಮುಕ್ಕಾಲಿಗಿಂತ ಕೆಳಗಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದೆ ಹೆಚ್ಚಿನ ಹಣ ಕೇಳಲು ಕಾರಣವಿಲ್ಲ; ತಿಂಗಳಾನುಗಟ್ಟಲೆ ಮಿತಿಗೇ ಅಂಟಿಕೊಂಡಿದ್ದರೆ ಗ್ರಾಫ್ ಇಟ್ಟುಕೊಂಡೇ ಕೇಳಬಹುದು. ಏಪ್ರಿಲ್-ಮೇ ರಜೆಯ ಪುಟವನ್ನೂ ಜೊತೆಗೆ ತೆಗೆದು ನೋಡಬೇಕು. ಆಗ ಗೆರೆ ನೆಲಕ್ಕೆ ಹತ್ತಿರ ಇರಬೇಕು. ಇಲ್ಲದಿದ್ದರೆ ಬಾಗಿಲು ಹಾಕಿದ ಶಾಲೆಯಲ್ಲಿ ಕ್ಯಾಮೆರಾ ಕ್ಲೌಡ್‌ಗೆ ಹೋಗುತ್ತಿದೆಯೇ, ಯಾವುದಾದರೂ ಯಂತ್ರ ವೈರಸ್ ಹಿಡಿದು ಹೊರಗೆ ಕಳಿಸುತ್ತಿದೆಯೇ, ವೈಫೈ ಪಾಸ್‌ವರ್ಡ್ ಕಾಂಪೌಂಡಿನ ಆಚೆ ಹೋಗಿದೆಯೇ ಎಂದು ಜೂನ್‌ಗೆ ಮೊದಲೇ ಹುಡುಕಿ ಸರಿಪಡಿಸಿಕೊಳ್ಳಬೇಕು.